ಜಿಗಿತಕ್ಕೆ ಮುನ್ನ ಇಳಿತದ ಪಾಠ

ಮಣ್ಣಿನ ದಿಬ್ಬವನ್ನೇರಿ ಗಾಳಿಗೆ ಚಿಮ್ಮುವ ಮೋಟಾರ್ ಬೈಕು ಹನ್ನೆರಡರ ಬಾಲಕನ ಕಣ್ಣಿಗೆ ಹಾರಾಟವಾಗಿ ಕಂಡರೆ, ಅವನ ತಾಯಿಯ ಕಣ್ಣಿಗೆ ಆಸ್ಪತ್ರೆಯ ಮುನ್ಸೂಚನೆಯಾಗಿ ಕಾಣುತ್ತದೆ. ಇಬ್ಬರ ದೃಷ್ಟಿಯೂ ಮೇಲೇರುವ ಬೈಕಿನ ಮೇಲೆಯೇ ಇರುತ್ತದೆ. ಈ ಕ್ರೀಡೆಯನ್ನು ಬಲ್ಲವರು ಮಾತ್ರ ಅದು ಎಲ್ಲಿ ಮತ್ತು ಹೇಗೆ ಇಳಿಯುತ್ತದೆ ಎಂಬುದನ್ನು ನೋಡುತ್ತಾರೆ. ಜಿಗಿತವನ್ನು ಕಲಿಸುವುದೆಂದರೆ ಮೂಲತಃ ಇಳಿಯುವುದನ್ನು ಕಲಿಸುವುದು.

ಕರ್ನಾಟಕಕ್ಕೆ ಈ ವಿಷಯ ದೂರದ್ದೇನಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಗೆ ಇಳಿದ ಮೊದಲ ಭಾರತೀಯರಾದರು. 2019ರಲ್ಲಿ ಇದೇ ನಗರದ ಐಶ್ವರ್ಯ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಅದೇ ಸಂತೋಷ್ 2021ರ ಡಕಾರ್‌ನಲ್ಲಿ ತೀವ್ರವಾಗಿ ಗಾಯಗೊಂಡು ರಿಯಾದಿನ ಆಸ್ಪತ್ರೆ ಸೇರಬೇಕಾಯಿತು. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ಪ್ರಾಣ ಕಳೆದುಕೊಂಡ. ಅದು ಡಾಂಬರು ಟ್ರ್ಯಾಕಿನ ಸ್ಪರ್ಧೆಯೇ ಹೊರತು ಮಣ್ಣಿನದಲ್ಲ. ಆದರೂ ಅದು ಎತ್ತಿದ ಪ್ರಶ್ನೆ ಎರಡಕ್ಕೂ ಸಲ್ಲುತ್ತದೆ: ಮಕ್ಕಳ ಕೈಗೆ ವೇಗವನ್ನು ಕೊಡುವ ಹಿರಿಯರ ಹೊಣೆ ಏನು?

ಕೊಡಲೇಬಾರದು ಎಂಬುದು ಒಂದು ಉತ್ತರ. ಅಮೆರಿಕದ ಮಕ್ಕಳ ವೈದ್ಯರ ಸಂಘವು 16 ವರ್ಷಕ್ಕಿಂತ ಕಿರಿಯರಿಗೆ ಇಂಥ ವಾಹನಗಳು ಬೇಡವೆಂದು 2000ದಲ್ಲಿಯೇ ಸಲಹೆ ನೀಡಿದೆ. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪಾಲಕರು ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಮಗನ ಎಲುಬು ಬೆಳೆದು ಬಲಿಯುವವರೆಗೆ ಕಾಯುತ್ತೇನೆ ಎನ್ನುವ ತಂದೆಯನ್ನು ಯಾರೂ ಹೇಡಿಯೆನ್ನಬೇಕಾಗಿಲ್ಲ. ಆದರೆ ಕೇವಲ ನಿಷೇಧದಿಂದ ಆಸೆ ಅಳಿಯುವುದಿಲ್ಲ ಎಂಬುದನ್ನು ಆಡಳಿತದಲ್ಲಿ ಆಯುಷ್ಯ ಸವೆಸಿದವರೆಲ್ಲರೂ ಬಲ್ಲರು. ಅಂಗಳದಲ್ಲಿ ಕಲಿಯಲಾಗದ್ದನ್ನು ಹುಡುಗರು ಹೆದ್ದಾರಿಯ ವ್ಹೀಲಿಯಲ್ಲಿ, ಬಡಾವಣೆಯ ಹಂಪ್‌ಗಳ ಮೇಲೆ, ಪಾಳುಬಿದ್ದ ಕ್ವಾರಿಗಳಲ್ಲಿ ತಾವೇ ಕಲಿಯಲು ಹೊರಡುತ್ತಾರೆ.

ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರ ತಮ್ಮ ಗ್ರಂಥದಲ್ಲಿ ಲೆಕ್ಕಕ್ಕೆ ಸಿಗುವ ಅಪಾಯವನ್ನೂ ಲೆಕ್ಕಕ್ಕೇ ಸಿಗದ ಅನಿಶ್ಚಿತತೆಯನ್ನೂ ಬೇರ್ಪಡಿಸಿದರು. ವ್ಯಾಪಾರ, ಬಂಡವಾಳಗಳ ಸಂದರ್ಭದಲ್ಲಿ ಮಾಡಿದ ಈ ವಿಂಗಡಣೆ ಮಣ್ಣಿನ ದಿಬ್ಬಕ್ಕೂ ಒಪ್ಪುತ್ತದೆ. ದಿಬ್ಬದಾಚೆಗೆ ಏನಿದೆಯೆಂದು ತಿಳಿಯದೆ ಹಾರುವುದು ಅನಿಶ್ಚಿತತೆ. ದಿಬ್ಬವನ್ನು ಕಾಲ್ನಡಿಗೆಯಲ್ಲಿ ಹತ್ತಿಳಿದು, ಇಳಿಜಾರು ಎಲ್ಲಿ ಶುರುವಾಗುತ್ತದೆಂದು ನೋಡಿ, ತಕ್ಕ ವೇಗವನ್ನು ಅರಿತು ಹಾರುವುದು ಅಪಾಯ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದೇ ಗುರುವಿನ ಕೆಲಸ.

ಇಲ್ಲಿ ಸಣ್ಣದೊಂದು ಲೆಕ್ಕ ಉಪಯುಕ್ತ. 30 ಡಿಗ್ರಿ ಓರೆಯ ದಿಬ್ಬದಿಂದ ಗಂಟೆಗೆ 36 ಕಿ.ಮೀ. ವೇಗದಲ್ಲಿ ಚಿಮ್ಮಿದ ಬೈಕು, ಅದೇ ಮಟ್ಟಕ್ಕೆ ಮರಳುವಷ್ಟರಲ್ಲಿ ಸುಮಾರು 9 ಮೀಟರ್ ಸಾಗುತ್ತದೆ. ವೇಗವನ್ನು 45 ಕಿ.ಮೀ.ಗೆ ಏರಿಸಿದರೆ ಸುಮಾರು 14 ಮೀಟರ್. ವೇಗ ಹೆಚ್ಚಿದ್ದು ಕಾಲು ಪಾಲು, ದೂರ ಹೆಚ್ಚಿದ್ದು ಅರ್ಧಕ್ಕಿಂತ ಮಿಗಿಲು. ಬಾಲಕನ ಮುಂಗೈಯ ಒಂದಿಷ್ಟು ತಿರುವು ಇಳಿಜಾರಿನ ಮೇಲೆ ಇಳಿಯಬೇಕಾದ ಬೈಕನ್ನು ಅದರಾಚೆಯ ಸಮನೆಲಕ್ಕೆ ಎಸೆಯಬಲ್ಲದು. ಎರಡು ಮೀಟರ್ ಎತ್ತರದಿಂದ ಸಮನೆಲಕ್ಕೆ ಬಿದ್ದರೆ, ನೆಲ ಮುಟ್ಟುವಾಗಿನ ಕೆಳಮುಖ ವೇಗವೇ ಗಂಟೆಗೆ ಸುಮಾರು 22 ಕಿ.ಮೀ. ಇರುತ್ತದೆ. ಬೈಕಿನ ಪಥಕ್ಕೆ ಹೊಂದುವ ಇಳಿಜಾರಿನಲ್ಲಿ ಇಳಿದಾಗಲಾದರೋ ಆ ಪೆಟ್ಟಿನ ಬಹುಪಾಲು ಮುಂದೋಟವಾಗಿ ಕರಗಿಹೋಗುತ್ತದೆ.

ಆದ್ದರಿಂದ ಪಾಠಕ್ಕೊಂದು ಕ್ರಮವಿದೆ. ಮೊದಲು ಸಮನೆಲದಲ್ಲಿ ನಿಂತು ಓಡಿಸುವುದು: ಪಾದಗಳು ಫುಟ್‌ರೆಸ್ಟಿನ ಮೇಲೆ, ಮೊಣಕಾಲುಗಳು ಬೈಕನ್ನು ತಬ್ಬಿ, ಮೊಣಕೈಗಳು ಬಾಗಿ, ದೃಷ್ಟಿ ಚಕ್ರದ ಮೇಲಲ್ಲ, ಮುಂದಿನ ಹಾದಿಯ ಮೇಲೆ. ಅನಂತರ ದಿಬ್ಬವನ್ನು ಹಾರದೆ, ನೆಲ ಬಿಡದೆ ಹತ್ತಿಳಿಯುವುದು. ಅದು ಕೈವಶವಾದ ಬಳಿಕವೇ ಸಣ್ಣ ಜಿಗಿತ. ಅದೂ ನೆತ್ತಿ ಮೇಜಿನಂತೆ ಚಪ್ಪಟೆಯಾಗಿರುವ ‘ಟೇಬಲ್‌ಟಾಪ್’ ದಿಬ್ಬದ ಮೇಲೆ. ಅಲ್ಲಿ ಲೆಕ್ಕ ತಪ್ಪಿ ಮೊಟಕಾಗಿ ಇಳಿದರೂ ಕೆಳಗೆ ನೆಲವಿರುತ್ತದೆ. ನಡುವೆ ಹಳ್ಳವಿರುವ ಜೋಡಿ ದಿಬ್ಬದಲ್ಲಿ ಅದೇ ತಪ್ಪಿಗೆ ಕ್ಷಮೆಯಿಲ್ಲ. ಅದು ಎಷ್ಟೋ ಕಾಲದ ನಂತರದ ಪಾಠ.

ಏರುವಾಗ ಆಕ್ಸಿಲರೇಟರನ್ನು ಒಂದೇ ಸಮನಾಗಿ ಹಿಡಿಯಬೇಕು. ದಿಬ್ಬದ ತುದಿಯಲ್ಲಿ ಅಂಜಿ ಅದನ್ನು ಥಟ್ಟನೆ ಬಿಟ್ಟರೆ ಬೈಕಿನ ಮೂತಿ ಕೆಳಗೆ ವಾಲುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಗ್ಗರಿಸುತ್ತಾನೆ. ಹಿಂಜರಿಯಬೇಕೆಂದರೆ ದಿಬ್ಬಕ್ಕೆ ಬಹು ಮುಂಚೆಯೇ ಹಿಂಜರಿಯಬೇಕು. ಗಾಳಿಯಲ್ಲಿಯೂ ತಿದ್ದಿಕೊಳ್ಳುವ ಉಪಾಯಗಳಿವೆ. ಆಕ್ಸಿಲರೇಟರ್ ತಿರುವಿದರೆ ಹಿಂದಿನ ಚಕ್ರದ ವೇಗ ಹೆಚ್ಚಿ ಮೂತಿ ಏಳುತ್ತದೆ. ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಒತ್ತಿದರೆ ಮೂತಿ ತಗ್ಗುತ್ತದೆ. ಆದರೆ ಇವು ಎಳೆಯರು ನೆಚ್ಚಿಕೊಳ್ಳಬೇಕಾದ ಮದ್ದುಗಳಲ್ಲ. ಇಳಿಯುವಾಗ ಮೊಣಕಾಲುಗಳು ಮಡಚಿ ಪೆಟ್ಟನ್ನು ಹೀರಬೇಕು. ಬಿದ್ದವನು ದಿಬ್ಬದಾಚೆಯ ಮರೆಯಲ್ಲಿ ಕೂರದೆ ಕೂಡಲೇ ಬದಿಗೆ ಸರಿಯಬೇಕು. ಹಳದಿ ಬಾವುಟ ಬೀಸಿದಾಗ ಹಿಂದಿನವನು ಹಾರಕೂಡದು. ನಾಗರಿಕತೆಯ ಈ ಪಾಠ ಮೈಕಟ್ಟಿನ ಪಾಠದಷ್ಟೇ ಮುಖ್ಯ.

ಹೆಲ್ಮೆಟ್, ಎದೆಗವಚ, ಮೊಣಕಾಲಿನ ರಕ್ಷೆ, ಎತ್ತರದ ಬೂಟುಗಳು ಕಡ್ಡಾಯವೆಂಬುದು ನಿರ್ವಿವಾದ. ಆದರೆ ರಕ್ಷಣೆ ಹೆಚ್ಚಿದಂತೆ ಜನರು ಹೆಚ್ಚು ಸಾಹಸಕ್ಕೆ ಇಳಿಯಬಹುದೆಂದು ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ಕಾರುಗಳ ಕುರಿತು ವಾದಿಸಿದ್ದರು. ಅವರ ವಾದವನ್ನು ಪೂರ್ತಿ ಒಪ್ಪದವರೂ ಒಂದು ಮಾತನ್ನು ಒಪ್ಪಬಹುದು: ದುಬಾರಿ ಕವಚ ಕೊಡಿಸಿದ ತಂದೆಗೆ ತಾನು ಕಲಿಸುವ ಹೊಣೆಯನ್ನೂ ತೀರಿಸಿದೆನೆಂಬ ಭ್ರಮೆ ಹುಟ್ಟಬಾರದು. ಅಂತೆಯೇ, ‘ಬೆಳೆದಂತೆ ಸರಿಹೋಗುತ್ತದೆ’ ಎಂದು ದೊಡ್ಡ ಅಳತೆಯ ಅಂಗಿ ಹೊಲಿಸುವ ನಮ್ಮ ಉಳಿತಾಯಬುದ್ಧಿ ಇಲ್ಲಿ ಸಲ್ಲದು. ಕಿರಿಯರಿಗೆಂದೇ 50, 65, 85 ಸಿಸಿ ಬೈಕುಗಳಿವೆ. ಕಾಲು ನೆಲಕ್ಕೆ ಎಟುಕದ ಬೈಕು ಮಗುವಿನದಲ್ಲ.

ಇದೆಲ್ಲಕ್ಕೂ ಮಿಗಿಲಾದದ್ದು ‘ಇಂದು ಬೇಡ’ ಎನ್ನುವ ಹಕ್ಕು. ಟ್ರ್ಯಾಕಿನ ಅಂಚಿನಲ್ಲಿ ನಿಂತು ‘ಅವನು ಹಾರಿದ, ನೀನೂ ಹಾರು’ ಎನ್ನುವ ತಂದೆ ಪಾಠವನ್ನು ಪಣವಾಗಿ ಮಾರ್ಪಡಿಸುತ್ತಾನೆ. ಗೆಲುವಿನ ಕೀರ್ತಿಯಲ್ಲಿ ತಂದೆಗೆ ಪಾಲುಂಟು. ಮುರಿದ ಎಲುಬು ಮಾತ್ರ ಸಂಪೂರ್ಣ ಮಗನದು. ಲಾಭ ಒಬ್ಬರದು, ನಷ್ಟ ಇನ್ನೊಬ್ಬರದು ಎಂಬಲ್ಲಿ ತೀರ್ಮಾನಗಳು ಹಾದಿ ತಪ್ಪುತ್ತವೆ. ಆದಕಾರಣ ದಣಿವು ಕಂಡಾಗ ಅಭ್ಯಾಸವನ್ನು ನಿಲ್ಲಿಸುವ ಅಧಿಕಾರ ಗುರುವಿಗೆ, ಹಾರಲೊಲ್ಲೆ ಎನ್ನುವ ಅಧಿಕಾರ ಶಿಷ್ಯನಿಗೆ ಇರಲೇಬೇಕು.

ಕೋಲಾರದ ಬಳಿ ಸಂತೋಷ್ ಅವರು ಸ್ಥಾಪಿಸಿದಂಥ ತರಬೇತಿ ತಾಣಗಳು ಖಾಸಗಿ ಉತ್ಸಾಹದಿಂದ ಹುಟ್ಟಿದವು. ಅವುಗಳ ಶುಲ್ಕ ಎಲ್ಲ ಮನೆಗಳಿಗೂ ಎಟುಕಲಾರದು. ಈಜುಕೊಳ ಕಟ್ಟಿ ಕಾವಲಿಗೆ ಜೀವರಕ್ಷಕನನ್ನು ನೇಮಿಸುವ ಸರ್ಕಾರಕ್ಕೆ ಊರ ಹೊರಗೊಂದು ಮಣ್ಣಿನ ಅಂಗಳ, ಅರ್ಹ ತರಬೇತುದಾರ, ಸಿದ್ಧವಾಗಿ ನಿಂತ ಆಂಬುಲೆನ್ಸ್ ಒದಗಿಸುವುದು ನಿಲುಕದ ಮಾತಲ್ಲ. ಕೆರೆಯಲ್ಲಿ ಮುಳುಗುವ ಭಯದಿಂದ ನಾವು ಮಕ್ಕಳಿಗೆ ಈಜನ್ನು ನಿಷೇಧಿಸಲಿಲ್ಲ. ಆಳವಿಲ್ಲದ ಕಡೆ ನಿಲ್ಲಿಸಿ ಕಲಿಸಿದೆವು. ದಿಬ್ಬಕ್ಕೂ ಅದೇ ನ್ಯಾಯ ಸಲ್ಲಲಿ.