ನಿಮ್ಮ ರಕ್ತದ ಅಂಕಿ ನಿಮಗೆ ಗೊತ್ತೇ?

ಸೋದರಿಯರೇ, ಡಬ್ಬಿಯಲ್ಲಿ ಜೋಳ ಎಷ್ಟಿದೆ, ಹಾಲಿನವನಿಗೆ ಎಷ್ಟು ಕೊಡಬೇಕು, ಮಕ್ಕಳ ಫೀ ಎಷ್ಟು ಬಾಕಿ ಇದೆ, ಇವೆಲ್ಲ ನಮಗೆ ಬಾಯಿಪಾಠ. ಆದರೆ ನಮ್ಮ ಮೈಯಲ್ಲಿ ರಕ್ತ ಎಷ್ಟಿದೆ ಎಂದು ಯಾರಾದರೂ ಕೇಳಿದರೆ, 'ಅದ್ಯಾಕ ಬೇಕ್ರಿ ನನಗ' ಎಂದು ನಕ್ಕುಬಿಡುತ್ತೇವೆ. ನಾನೂ ಹಾಗೆ ನಕ್ಕವಳೇ.

ಎರಡು ವರ್ಷದ ಹಿಂದೆ ನನ್ನ ನೆಗೆಣ್ಣಿ ರಾಯಬಾಗ ಕಡೆಯ ತೋಟದ ಮನೆಯಿಂದ ಚಿಕ್ಕೋಡಿಗೆ ನಮ್ಮಲ್ಲಿಗೆ ಬಂದಿದ್ದಳು. ಐದು ತಿಂಗಳ ಬಸುರಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಿಳಿಚಿದ ಮುಖ, ಬಾಯಲ್ಲಿ ಯಾವಾಗಲೂ ಹಸಿ ಅಕ್ಕಿ.

"ರಕ್ತ ನೋಡ್ಯಾರಕ್ಕಾ, ಸ್ವಲ್ಪ ಕಡಿಮಿ ಐತಂತ" ಎಂದಳು.

"ಎಷ್ಟು ಕಡಿಮಿ?"

ಅದು ಅವಳಿಗೆ ಗೊತ್ತಿಲ್ಲ. ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಕೊಟ್ಟ ಕೆಂಪು ಗುಳಿಗೆ ತಿಂದಾಗ ಮಲ ಕಪ್ಪಾಯಿತೆಂದು ಹೆದರಿ, ಉಳಿದದ್ದನ್ನು ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದಳು!

ಮರುದಿನವೇ ಆಸ್ಪತ್ರೆಗೆ ಕರೆದೊಯ್ದೆ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಅಂಗೈಯಗಲದ ಯಂತ್ರಕ್ಕೆ ಕೊಟ್ಟರು. ನಿಮಿಷದೊಳಗೆ ಅಂಕಿ ಬಂತು: 7.4. "ನೀವೂ ಬೆರಳು ಕೊಡ್ರಿ" ಎಂದರು ನರ್ಸಬಾಯಿ. ನನ್ನದು 9.6! ನನ್ನ ಸುಸ್ತು ವಯಸ್ಸಿನದು ಎಂದೇ ನಾನು ತಿಳಿದಿದ್ದೆ.

ಈ ಅಂಕಿ ಹಿಮೋಗ್ಲೋಬಿನ್‌ನದು. ಹೆಂಗಸರಿಗೆ ಅದು 12 ಗ್ರಾಂ ಇರಬೇಕು, ಗರ್ಭಿಣಿಯರಿಗೆ ಕನಿಷ್ಠ 11. ಗರ್ಭಿಣಿಗೆ 7ಕ್ಕಿಂತ, ಉಳಿದವರಿಗೆ 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ತಡಮಾಡದೆ ವೈದ್ಯರ ಬಳಿ ಹೋಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತ ಕಡಿಮೆ.

ಹಿಂದೆ ಗಾಜಿನ ನಳಿಗೆಯಲ್ಲಿ ರಕ್ತಕ್ಕೆ ಆಮ್ಲ ಬೆರೆಸಿ, ಬಣ್ಣವನ್ನು ಕಣ್ಣಳತೆಯಿಂದ ಹೋಲಿಸುತ್ತಿದ್ದರು. ನೋಡುವ ಕಣ್ಣು ಬದಲಾದರೆ ಅಂಕಿಯೂ ಬದಲಾಗುತ್ತಿತ್ತು. ಆಮೇಲೆ ಆರು ಬಗೆಯ ಕೆಂಪು ಬಣ್ಣಗಳ ಪಟ್ಟಿ ಬಂತು. ಕಾಗದದ ಮೇಲಿನ ಹನಿಯನ್ನು ಅದಕ್ಕೆ ಹೋಲಿಸಿ ಅಂದಾಜು ಮಾಡುವುದು. ಈಗಿನ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಹಳ್ಳಿಗೇ ಒಯ್ಯಬಹುದು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರು, ಅಥಣಿ, ಕಾಗವಾಡದ ಕಬ್ಬಿನ ಹೊಲದಲ್ಲಿ ದುಡಿಯುವವರು ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವುದು ಸುಲಭವೇ? ಪರೀಕ್ಷೆಯೇ ಅವರ ಬಳಿಗೆ ಬರಬೇಕು.

ಬೆರಳು ಕೊಡುವಾಗ ಇಷ್ಟು ನೆನಪಿರಲಿ. ಕೈ ಬೆಚ್ಚಗಿರಲಿ, ಸೂಜಿ ಹೊಸದಿರಲಿ. ಮೊದಲ ಹನಿ ಒರೆಸಿ ಮುಂದಿನದನ್ನು ತೆಗೆದುಕೊಳ್ಳಬೇಕು. ಬೆರಳನ್ನು ಗಟ್ಟಿಯಾಗಿ ಹಿಂಡಬಾರದು. ಹಿಂಡಿದರೆ ಮೈಯ ನೀರು ಬೆರೆತು ಅಂಕಿ ತಪ್ಪುತ್ತದೆ.

ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾಗುವುದು ಸಹಜ, ಹೆದರಬೇಡಿ. ಗುಳಿಗೆಯ ಹಿಂದೆ ಮುಂದೆ ಒಂದು ತಾಸು ಚಹಾ ಬೇಡ. ಕ್ಯಾಲ್ಸಿಯಂ ಗುಳಿಗೆಯನ್ನು ಬೇರೆ ಹೊತ್ತಿಗೆ ನುಂಗಿ. ಪುಂಡಿಪಲ್ಯ, ಮೆಂತ್ಯ, ಮೊಳಕೆ ಬಂದ ಮಡಕಿಕಾಳು ಊಟದಲ್ಲಿರಲಿ, ಮೇಲೆ ಲಿಂಬೆ ಹಿಂಡಿ. ಆದರೆ ಅಂಕಿ ಏಳೆಂಟಕ್ಕೆ ಇಳಿದ ಮೇಲೆ ಪಲ್ಯವೊಂದೇ ಸಾಲದು. ತಿಂಗಳ ಸ್ರಾವ ಹೆಚ್ಚಿದ್ದರೆ ನಾಚದೆ ಹೇಳಿ. ಹೊಲಕ್ಕೆ ಚಪ್ಪಲಿ ಮೆಟ್ಟಿಯೇ ಹೋಗಿ. ರಕ್ತ ಹೀರುವ ಕೊಕ್ಕೆಹುಳು ಬರಿಗಾಲಿನಿಂದಲೇ ಒಳಸೇರುತ್ತದೆ.

ನೆಗೆಣ್ಣಿಗೆ ವೈದ್ಯರು ಸಲೈನಿನಲ್ಲಿ ಕಬ್ಬಿಣಾಂಶ ಕೊಟ್ಟರು. ಗರ್ಭಿಣಿಯರಿಗೆ ಗುಳಿಗೆ ಹೆಚ್ಚೋ ಈ ಸಲೈನ್ ಹೆಚ್ಚೋ ಎಂದು ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು 2021ರಿಂದ ದೊಡ್ಡ ಅಧ್ಯಯನವನ್ನೇ ನಡೆಸಿದರು. ಯಾರಿಗೆ ಯಾವುದು ಬೇಕೆಂದು ವೈದ್ಯರು ಹೇಳಬೇಕು. ಹೆರಿಗೆಯ ಹೊತ್ತಿಗೆ ಅವಳ ಅಂಕಿ 10.8ಕ್ಕೆ ಏರಿತ್ತು. ತಾಯಿ, ಮಗಳು ಇಬ್ಬರೂ ಸುಖವಾಗಿದ್ದಾರೆ. ತಿಂಗಳುಗಟ್ಟಲೆ ಬಿಡದೆ ಗುಳಿಗೆ ನುಂಗಿದ ನಾನೂ 12 ದಾಟಿದೆ.

ಮುಂದಿನ ಸಲ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ ಕೆಲಸದ ನೆಪ ಹೇಳಬೇಡಿ. ಬೆರಳು ಕೊಡಿ. "ಎಷ್ಟು ಬಂತ್ರಿ?" ಎಂದು ಕೇಳಿ, ಬರೆಸಿಕೊಳ್ಳಿ. ತಿಂಗಳು ಬಿಟ್ಟು ಮತ್ತೆ ಕೇಳಿ. ಎಲ್ಲದರ ಲೆಕ್ಕ ಇಡುವ ನಾವು ಇದೊಂದನ್ನು ಬಿಡುವುದೇ?