ಬಣ್ಣಕ್ಕಿಂತ ಮೊದಲು ತಗಡು

ಅನಂತಪುರ ಸೀಮೆಯಲ್ಲಿ ಬರ ಇರುವುದು ಮಳೆಗೆ, ತುಕ್ಕಿಗಲ್ಲ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ನೆಲದಲ್ಲೂ ಹಳೆಯ ಕಾರುಗಳ ಟಾಪನ್ನು ತುಕ್ಕು ತಿನ್ನುತ್ತದೆ. ಹಿಂದೂಪುರ, ಲೇಪಾಕ್ಷಿ, ಮಡಕಶಿರಾ, ಕಲ್ಯಾಣದುರ್ಗದ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ ಮಾರುತಿ 800, ಓಮ್ನಿಗಳನ್ನು ಹತ್ತಿರದಿಂದ ನೋಡಿ. ಮುಂದಿನ ಗಾಜಿನ ಮೇಲಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿರುತ್ತದೆ. ಕ್ಯಾರಿಯರ್ ಕಾಲೂರಿದ ಕಡೆ ಕಂದು ಕಲೆ. ಬಾಗಿಲ ಮೇಲೆ ನೀರು ಹರಿಯುವ ಸಣ್ಣ ಕಾಲುವೆಯಲ್ಲಿ ಮಣ್ಣು ತುಂಬಿ, ಅದರಡಿ ತಗಡು ಪುಡಿಯಾಗಿರುತ್ತದೆ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರಲ್ಲಿ. ಓಮ್ನಿ 2019ರಲ್ಲಿ ನಿಂತಿತು. ಉಳಿದಿರುವ ಗಾಡಿಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲದಿರಬಹುದು, ಮನೆಯಲ್ಲಿ ಇದೆ. ಆಸ್ಪತ್ರೆಗೆ, ಸಂತೆಗೆ, ಮದುವೆಗೆ, ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಗೆ ಹೋಗಿಬರಲು ಅದೇ ಆಸರೆ. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000ಕ್ಕೆ ಏರಿದೆ. ಇಷ್ಟು ಕಟ್ಟಿದವರ ಕೈಯಲ್ಲಿ ಟಾಪಿನ ರಿಪೇರಿಗೆ ಉಳಿಯುವುದು ಅಲ್ಪಸ್ವಲ್ಪ. ಆ ಅಲ್ಪವನ್ನು ಎಲ್ಲಿ ಹಾಕಬೇಕು ಎಂಬುದೇ ಮುಖ್ಯ. ಹೊಳಪಿಗೆ ಹಾಕಿದ ದುಡ್ಡು ಒಂದು ಮಳೆಗಾಲಕ್ಕೆ ಹೋಗುತ್ತದೆ. ತಗಡಿಗೆ ಹಾಕಿದ್ದು ಉಳಿಯುತ್ತದೆ.

ಒಣ ಸೀಮೆಗೆ ತುಕ್ಕು ಬಂದ ದಾರಿ

ಕಬ್ಬಿಣ ತುಕ್ಕು ಹಿಡಿಯಲು ಜಡಿಮಳೆಯೇ ಬೇಕಿಲ್ಲ, ಇಬ್ಬನಿ ಸಾಕು. ರಾತ್ರಿ ಬಯಲಲ್ಲಿ ನಿಂತ ಕಾರಿನ ಟಾಪು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಹಾಗಾಗಿ ಕಾರ್ತಿಕ, ಮಾರ್ಗಶಿರದ ಬೆಳಗ್ಗೆ ಬಾಗಿಲು ಒಣಗಿದ್ದರೂ ಟಾಪು ತೊಯ್ದಿರುತ್ತದೆ. ಹಗಲಿನ ಬಿಸಿಲಿಗೆ ಬಣ್ಣ ಮೊದಲು ಮಂಕಾಗಿ, ಆಮೇಲೆ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಇಬ್ಬನಿ ಇಳಿಯುವುದು ಆ ಸೀಳಿನಲ್ಲೇ. ಕೆಳಗೆ ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಮೇಲಕ್ಕೆತ್ತುತ್ತದೆ. ನಮಗೆ ಕಾಣುವ ಗುಳ್ಳೆ ಅದೇ.

ಇನ್ನೊಂದು ದಾರಿ ಒಳಗಿನದು. ಟಾಪಿನ ಒಳಬದಿಯ ಬಟ್ಟೆ, ಸ್ಪಂಜುಗಳು ತೇವ ಹಿಡಿದಿಟ್ಟುಕೊಂಡು ತಗಡಿಗೆ ಅಂಟಿಕೊಂಡಿರುತ್ತವೆ. ಗಾಜಿನ ರಬ್ಬರ್ ಬೀಡಿಂಗ್ ಒಣಗಿ ಬಿರಿದರೆ ನೀರು ನೇರ ಅಲ್ಲಿಗೇ ಇಳಿಯುತ್ತದೆ. ನೆರಳೆಂದು ಹುಣಸೆಮರದ ಕೆಳಗೆ ನಿಲ್ಲಿಸಿದರೆ ಎಲೆ, ಹೂವು, ಹಕ್ಕಿ ಹಿಕ್ಕೆ ಕಾಲುವೆ ತುಂಬುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯೂ ತೇವವನ್ನು ಒಳಗೇ ಕೂಡಿಹಾಕುತ್ತದೆ. ಕರಾವಳಿಯಲ್ಲಿ ಓಡಿ ಸೆಕೆಂಡ್ ಹ್ಯಾಂಡ್ ಆಗಿ ಬಂದ ಗಾಡಿಯಾದರೆ ಉಪ್ಪುಗಾಳಿಯ ತುಕ್ಕನ್ನು ಹೊತ್ತೇ ಬಂದಿರುತ್ತದೆ.

ಮೊದಲು ತಟ್ಟಿ ನೋಡಿ

ಗ್ಯಾರೇಜಿಗೆ ಹೋಗುವ ಮುಂಚೆ ಅರ್ಧ ಗಂಟೆ ಗಾಡಿಯ ಜೊತೆ ಕಳೆಯಿರಿ. ಟಾಪನ್ನು ತೊಳೆದು ಒರೆಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ತಿಂದುಹೋದದ್ದು ಸದ್ದು ನುಂಗಿ ಡಬ್ ಎನ್ನುತ್ತದೆ. ಗುಳ್ಳೆ ಇರುವ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಕೆರೆಯಿರಿ. ಬಣ್ಣದ ಹೊಪ್ಪಳೆ ಎದ್ದು ಕೆಳಗೆ ಕೆಂಪು ಪುಡಿ ಸಿಕ್ಕಿ, ಅದನ್ನು ಒರೆಸಿದಾಗ ಬೂದು ಲೋಹ ಕಂಡರೆ ಅದು ಮೇಲ್ತುಕ್ಕು. ಅದನ್ನು ಮನೆಯಲ್ಲೇ ಸರಿಮಾಡಬಹುದು. ಪದರ ಪದರವಾಗಿ ಎದ್ದು ಗುಳಿ ಬಿದ್ದಿದ್ದರೆ ರೋಗ ನಡುವಯಸ್ಸಿನದು. ತುದಿ ಒಳಗೇ ಇಳಿದರೆ ತೂತು.

ಒಳಗಿನ ಬಟ್ಟೆಯನ್ನು ಒಂದು ಮೂಲೆಯಲ್ಲಾದರೂ ಬಿಚ್ಚಿ ನೋಡಲೇಬೇಕು. ಹೊರಗೆ ಕಡಲೆಕಾಳಷ್ಟು ಕಾಣುವ ಕಲೆ ಒಳಗೆ ಅಂಗೈಯಗಲ ಹರಡಿರುವುದುಂಟು. ಒಳಗಿನಿಂದ ಬಂದ ತುಕ್ಕಿಗೆ ಹೊರಗಿನಿಂದ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ.

ಕೆರೆಯುವುದೇ ಅರ್ಧ ಕೆಲಸ

ಮೇಲ್ತುಕ್ಕಿಗೆ ಬೇಕಾದದ್ದು ತಂತಿ ಬ್ರಷ್, 80 ಮತ್ತು 120 ನಂಬರಿನ ಎಮರಿ ಪೇಪರ್, ಮೂಗುಬಾಯಿಗೆ ಮಾಸ್ಕ್, ಮತ್ತು ತಾಳ್ಮೆ. ಕಲೆಯ ಅಂಚಿನಿಂದ ಎರಡು ಬೆರಳಗಲ ಆಚೆಗೆ, ಗಟ್ಟಿ ಬಣ್ಣ ಸಿಗುವವರೆಗೂ ಉಜ್ಜಬೇಕು. ಲೋಹ ಬೆಳ್ಳಗೆ ಹೊಳೆಯಬೇಕು. ಗುಳಿಗಳ ತಳದಲ್ಲಿ ಕಪ್ಪು ಚುಕ್ಕೆಯಾಗಿ ಉಳಿಯುವ ತುಕ್ಕು ಬ್ರಷ್ಷಿಗೆ ಸಿಗುವುದಿಲ್ಲ. ಅದಕ್ಕೆ ರಸ್ಟ್ ಕನ್ವರ್ಟರ್ ಎಂಬ ದ್ರವ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಇದರಲ್ಲಿ ಫಾಸ್ಫಾರಿಕ್ ಆಮ್ಲವೋ ಟ್ಯಾನಿನ್ನೋ ಇದ್ದು, ಸಡಿಲ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುತ್ತದೆ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಚಾಕು ಕಪ್ಪಾಗುವುದೂ ಟ್ಯಾನಿನ್ನಿನಿಂದಲೇ. ಕೈಗವಸು ಹಾಕಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಅದು ಹೇಳಿದಂತೆ ತೊಳೆದೋ ಒರೆಸಿಯೋ ಪೂರ್ತಿ ಒಣಗಿಸಬೇಕು. ಹಿತ್ತಾಳೆಗೆ ಹಚ್ಚುವ ಹಾಗೆ ಹುಣಸೆಹುಳಿ ಹಚ್ಚಿ ಬಿಡುವುದು ಬೇಡ. ಅದು ತುಕ್ಕನ್ನು ಕರಗಿಸಿದರೂ, ಸಂದಿಯಲ್ಲಿ ಉಳಿದ ಹುಳಿ ಹೊಸ ತುಕ್ಕಿಗೆ ದಾರಿಯಾಗುತ್ತದೆ.

ಬರಿಯ ಲೋಹವನ್ನು ರಾತ್ರಿ ಹಾಗೇ ಬಿಡಬಾರದು. ಕೆರೆದ ದಿನವೇ ಎಪಾಕ್ಸಿ ಪ್ರೈಮರ್ ಹಚ್ಚಬೇಕು. ಅಗ್ಗದ ಸಾದಾ ಪ್ರೈಮರ್ ನೀರು ಹೀರುತ್ತದೆ, ಎಪಾಕ್ಸಿ ತಡೆಯುತ್ತದೆ. ಕೈ ಬಿಗಿ ಇದ್ದರೂ ಈ ಡಬ್ಬದಲ್ಲಿ ಮಾತ್ರ ಚೌಕಾಶಿ ಬೇಡ. ಗುಳಿ ತುಂಬುವ ಪುಟ್ಟಿ ಏನಿದ್ದರೂ ಇದರ ನಂತರ, ತೆಳುವಾಗಿ. ತುಕ್ಕಿನ ಮೇಲೆ ಎಳೆದ ಪುಟ್ಟಿ ತೇವ ಹೀರಿಕೊಂಡು ಒಂದು ದಿನ ಹೆಕ್ಕಳಿಕೆಯಾಗಿ ಕಳಚಿ ಬೀಳುತ್ತದೆ. “ಪುಟ್ಟಿ ಎಳೆದು ಬಣ್ಣ ಹೊಡೆದುಬಿಡಣ್ಣಾ” ಎಂದು ಗಿರಾಕಿ ಅವಸರ ಮಾಡಿದಾಗ ಒಳ್ಳೆಯ ಟಿಂಕರ್ ಕೊಡುವ ಉತ್ತರ ಒಂದೇ: “ಹೊಡೀಬೌದು ಸಾರ್, ಮುಂದಿನ ಮಳೆಗಾಲಕ್ಕೆ ಮತ್ತೆ ಬರ್ತೀರ.”

ತೂತು ಬಿದ್ದಿದ್ದರೆ

ಟಾಪಿನ ತಗಡು ಒಂದು ಮಿಲಿಮೀಟರಿಗಿಂತ ತೆಳು, ಹರವು ದೊಡ್ಡದು. ಒಂದೇ ಕಡೆ ಶಾಖ ಕೊಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದ್ದರಿಂದ ಗ್ಯಾಸ್ ವೆಲ್ಡಿಂಗಿಗಿಂತ, ಗ್ಯಾರೇಜಿನವರು ‘ಸಿಓಟೂ’ ಅನ್ನುವ ವೆಲ್ಡಿಂಗ್ ವಾಸಿ. ಅದನ್ನೂ ಒಂದೇ ಸಮನೆ ಎಳೆಯದೆ ಚುಕ್ಕೆ ಚುಕ್ಕೆಯಾಗಿ, ಆರಲು ಬಿಟ್ಟು ಮಾಡಿಸಬೇಕು. ತೇಪೆಗೆ ಹೊಸ ತಗಡೇ ಬೇಕೆಂದಿಲ್ಲ. ಗುಜರಿಗೆ ಬಿದ್ದ ಅದೇ ಮಾದರಿಯ ಕಾರಿನ ಟಾಪಿನಿಂದ ಗಟ್ಟಿ ಭಾಗ ಕತ್ತರಿಸಿ ತಂದರೆ ಬಾಗು ತಾನಾಗಿ ಹೊಂದುತ್ತದೆ, ಖರ್ಚೂ ಇಳಿಯುತ್ತದೆ. ವೆಲ್ಡಿಂಗಿಗೆ ಮುನ್ನ ಒಳಗಿನ ಬಟ್ಟೆ ಪೂರ್ತಿ ತೆಗೆಸಿ, ಬ್ಯಾಟರಿ ವೈರ್ ಕಳಚಿಸಿ. ಗ್ಯಾಸ್ ಕಿಟ್ ಇರುವ ಓಮ್ನಿಯಾದರೆ ಸಿಲಿಂಡರ್ ಇಳಿಸದೆ ಕಿಡಿ ಹಾರಿಸುವುದು ಬೇಡವೇ ಬೇಡ.

ನಾಣ್ಯಕ್ಕಿಂತ ಚಿಕ್ಕ ತೂತಿಗೆ ಫೈಬರ್ ಬಟ್ಟೆ, ರೆಸಿನ್ ಹಾಕಬಹುದು. ಅದು ನೀರು ತಡೆಯುತ್ತದೆ, ಬಲ ಕೊಡುವುದಿಲ್ಲ. ಹಾಗಾಗಿ ಕಂಬಗಳು ಟಾಪಿಗೆ ಸೇರುವ ಜಾಗದಲ್ಲಿ, ಗಾಜಿನ ಚೌಕಟ್ಟಿನಲ್ಲಿ ಈ ಉಪಾಯ ಸಲ್ಲದು. ಗಾಡಿ ಮಗುಚಿದಾಗ ತಲೆ ಕಾಯುವುದು ಆ ಕೂಡುಗಳೇ. ಅವು ನಾಲ್ಕೂ ಕಡೆ ಪುಡಿಯಾಗಿದ್ದರೆ ರಿಪೇರಿಯ ಆಸೆ ಬಿಟ್ಟು ಗಾಡಿಯನ್ನು ಗುಜರಿಗೆ ಕೊಡುವುದು ಮನೆಯವರ ಮೇಲಿನ ಕಾಳಜಿಯೇ.

ಬಣ್ಣಕ್ಕೆ ಹೊತ್ತು, ಗೊತ್ತು

ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿ ಚಿತ್ರಗಳು 16ನೇ ಶತಮಾನದ ವಿಜಯನಗರದ ಕಾಲದವು. ಅಲ್ಲಿ ತಲೆಯೆತ್ತಿ ನೋಡಿದರೆ ಒಂದು ಸಂಗತಿ ಸ್ಪಷ್ಟ: ಗಾರೆ ಹಿಡಿದಿರುವ ಕಡೆ ಬಣ್ಣ ಇಂದಿಗೂ ಇದೆ, ಗಾರೆ ಉದುರಿದ ಕಡೆ ಚಿತ್ರವೂ ಇಲ್ಲ. ಕುಂಚಕ್ಕಿಂತ ಮೊದಲು ತಳಪದರ ಕೆಲಸ ಮಾಡಬೇಕು ಎಂಬುದು ಕಾರಿನ ಚಾವಣಿಗೂ ಅಷ್ಟೇ ನಿಜ.

ಈ ಸೀಮೆಯಲ್ಲಿ ಬಣ್ಣದ ಕೆಲಸಕ್ಕೆ ಮಾಘ, ಫಾಲ್ಗುಣ ಒಳ್ಳೆಯ ಕಾಲ. ಚೈತ್ರ ವೈಶಾಖದ ನಡುಹಗಲಲ್ಲಿ ಕಾದ ತಗಡಿನ ಮೇಲೆ ಥಿನ್ನರ್ ಥಟ್ಟನೆ ಆರಿ ಬಣ್ಣ ತರಿತರಿಯಾಗುತ್ತದೆ. ಆಷಾಢದ ಗಾಳಿಯಲ್ಲಿ ಧೂಳು ಕೂರುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು, ನೆರಳಲ್ಲಿ ಹೊಡೆಯಬೇಕು. ಇಡೀ ಗಾಡಿಗೆ ಬಣ್ಣ ಹೊಡೆಸಲು ಹತ್ತಾರು ಸಾವಿರ ಬೇಕು. ಟಾಪಿಗಷ್ಟೇ ಹೊಡೆಸಿ. ಬಾಗಿಲ ಬಣ್ಣಕ್ಕೂ ಟಾಪಿನ ಬಣ್ಣಕ್ಕೂ ಚೂರು ವ್ಯತ್ಯಾಸ ಕಂಡರೆ ಕಾಣಲಿ. ಉಳಿದ ದುಡ್ಡಿನಲ್ಲಿ ಗಾಜಿನ ಬೀಡಿಂಗ್ ಬದಲಿಸಿ, ಕಾಲುವೆಯ ಸಂದಿಗೆ ಸೀಲಂಟ್ ತುಂಬಿಸಿ, ಟಾಪಿನ ಒಳಬದಿಗೂ ಪ್ರೈಮರ್ ಹೊಡೆಸಿ. ಕ್ಯಾರಿಯರ್ ಕಾಲಿನಡಿಗೆ ಹೊಸ ರಬ್ಬರ್ ಇಡಿ. ಮಳೆಗಾಲಕ್ಕೆ ಮುಂಚೆ ಕಾಲುವೆಯ ಮಣ್ಣು ತೆಗೆಯುವುದಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಕೂಲಿಯ ಮಾತನ್ನೂ ಇದೇ ಲೆಕ್ಕದಲ್ಲಿ ಆಡಬೇಕು. ಬಣ್ಣಕ್ಕೆ ಎಷ್ಟು ಎಂದಷ್ಟೇ ಕೇಳಿದರೆ, ಕೆರೆಯುವ ಕೆಲಸ ಕಡಿಮೆಯಾಗುವುದು ಸಹಜ. ಅದಕ್ಕೆ ನಾವು ದುಡ್ಡನ್ನೇ ಕೊಟ್ಟಿರುವುದಿಲ್ಲ. ದಿನವಿಡೀ ತುಕ್ಕಿನ ಧೂಳು ಕುಡಿದು ಉಜ್ಜುವ ಹುಡುಗನ ದುಡಿಮೆಗೆ ಬೇರೆಯಾಗಿ ಕೂಲಿ ಗೊತ್ತುಮಾಡಿ, ಮಾಸ್ಕನ್ನೂ ಕೊಡಿಸಿ. ಗಾಡಿ ಬಿಡುವಾಗ ಒಂದೇ ಒಂದು ಮಾತು ಹೇಳಿ ಬನ್ನಿ: “ಪುಟ್ಟಿ ಹಾಕೋ ಮುಂಚೆ ಒಂದು ಫೋನ್ ಮಾಡಿ, ತಗಡು ನೋಡಬೇಕು.” ಕರೆದಾಗ ಹೋಗಿ, ಬೆರಳಾಡಿಸಿ ನೋಡಿ. ಲೋಹ ಹೊಳೆಯುತ್ತಿದ್ದರೆ ಮುಂದುವರಿಯಲು ಹೇಳಿ. ಕೆಂಪು ಉಳಿದಿದ್ದರೆ ಇನ್ನೊಂದು ದಿನದ ಕೂಲಿ ಕೊಟ್ಟಾದರೂ ತೆಗೆಸಿ. ಇಡೀ ರಿಪೇರಿಯಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಬೇರೊಂದಿಲ್ಲ.