ಒಂದೇ ಲೆಕ್ಕಕ್ಕೆ ಎರಡು ಉತ್ತರ: ಕಂಪ್ಯೂಟರ್ ಕೆಟ್ಟಿದೆಯೇ?

ಜೆಪ್ಪುವಿನ ಮನೆಯೊಂದರಲ್ಲಿ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಎರಡರಲ್ಲೂ ಒಂದೇ ಲೆಕ್ಕ ಮಾಡಿದರು ಎನ್ನಿ. ಉತ್ತರದ ಕೊನೆಯ ಅಂಕಿ ಬೇರೆ ಬಂತು. ಒಂದು ಸಾಧನ ಸುಳ್ಳು ಹೇಳುತ್ತಿದೆಯೇ? ಇಲ್ಲ. ಏಕೆಂದು ನೋಡೋಣ.

ಕಂಪ್ಯೂಟರ್ ಸಾಮಾನ್ಯವಾಗಿ ದಶಮಾಂಶ ಸಂಖ್ಯೆಯನ್ನು ಸುಮಾರು 16 ಅಂಕಿಗಳಿಗೆ ಮೊಟಕುಗೊಳಿಸುತ್ತದೆ. ಹಾಗಾಗಿ ಕೂಡುವ ಕ್ರಮ ಬದಲಾದರೆ ಉತ್ತರವೂ ಕೂದಲೆಳೆಯಷ್ಟು ಬದಲಾಗಬಹುದು. 0.1 ಮತ್ತು 0.2 ಕೂಡಿ, ಆಮೇಲೆ 0.3 ಸೇರಿಸಿದರೆ 0.6000000000000001 ಬರುತ್ತದೆ. 0.2 ಮತ್ತು 0.3 ಮೊದಲು ಕೂಡಿ, 0.1 ಸೇರಿಸಿದರೆ 0.6.

ಹವಾಮಾನ, ಎಐ ಮುಂತಾದವುಗಳಲ್ಲಿ ಅಂಕಿಗಳ ದೊಡ್ಡ ಕೋಷ್ಟಕಗಳನ್ನು ಗುಣಿಸಬೇಕು. ಇದಕ್ಕೆ ಸಿದ್ಧ ಲೈಬ್ರರಿಗಳಿವೆ. 2011ರಲ್ಲಿ ಶುರುವಾದ, ಉಚಿತವಾಗಿ ಸಿಗುವ ಓಪನ್‌ಬ್ಲಾಸ್ ಅವುಗಳಲ್ಲೊಂದು. ಇಂಟೆಲ್, ಎಎಂಡಿ, ಆರ್ಮ್ ಚಿಪ್‌ಗಳು ಒಂದೇ ಏಟಿಗೆ ಎಷ್ಟು ಸಂಖ್ಯೆ ಲೆಕ್ಕ ಹಾಕುತ್ತವೆ ಎಂಬುದು ಬೇರೆ ಬೇರೆ. ಆದ್ದರಿಂದ ಇದನ್ನು ನೋಡಿಕೊಳ್ಳುವವರು ಒಂದೊಂದು ಬಗೆಯ ಚಿಪ್‌ಗೂ ಪ್ರತ್ಯೇಕ ಕೋಡ್ ಬರೆಯುತ್ತಾರೆ; ಕೂಡುವ ಕ್ರಮವೂ ಬದಲಾಗುತ್ತದೆ. ಪರೀಕ್ಷಿಸುವಾಗ ಎರಡು ಉತ್ತರ ತದ್ರೂಪವೇ ಎಂದಲ್ಲ, ವ್ಯತ್ಯಾಸ ಮಿತಿಯೊಳಗಿದೆಯೇ ಎಂದು ನೋಡುತ್ತಾರೆ.

ವ್ಯತ್ಯಾಸ ಮೂರನೆಯ ಅಂಕಿಯಲ್ಲೇ ಕಂಡರೆ ಮಾತ್ರ ಅನುಮಾನಿಸಿ: ಕೋಡ್‌ನಲ್ಲಿ ದೋಷವಿರಬಹುದು, ಇಲ್ಲವೇ ಸಣ್ಣ ಬದಲಾವಣೆಗೂ ಉತ್ತರ ಏರುಪೇರಾಗುವಂಥ ಲೆಕ್ಕವಿರಬಹುದು. ‘ಕಂಪ್ಯೂಟರ್ ಲೆಕ್ಕ ನಂಬಬೇಡಿ’ ಎಂಬ ಸ್ಕ್ರೀನ್‌ಶಾಟ್ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಬದಲಾದದ್ದು ಎಷ್ಟನೆಯ ಅಂಕಿ ಎಂದು ಎಣಿಸಿ.